ಗಂಗಣ್ಣನ ಕೆಂಪು ಚುಕ್ಕಿ

ಗಂಗಣ್ಣನ ಶೆಡ್ಡಿಗೆ ಬಂದ ಗಿರಾಕಿಗಳು ಚಕ್ಕಳಮಕ್ಕಳ ಹಾಕಿಕೊಂಡು ಕೂರಬೇಕಿತ್ತು. ಬೆಂಚಿನ ಮೇಲಲ್ಲ, ತಮ್ಮದೇ ಕಾರಿನ ಡ್ರೈವರ್ ಸೀಟಿನಲ್ಲಿ. ಚಪ್ಪಲಿ ಕಳಚಿ, ಸೀಟು ಹಿಂದಕ್ಕೆ ತಳ್ಳಿ, ಎರಡೂ ಕಾಲು ಮೇಲಕ್ಕೆಳೆದುಕೊಂಡು ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಇಂಜಿನ್ ತನ್ನಷ್ಟಕ್ಕೆ ಓಡುತ್ತಿರಬೇಕು, ಆಕ್ಸಿಲರೇಟರ್ ಮೇಲೆ ಯಾರ ಕಾಲೂ ಬೀಳಬಾರದು. ಟೈ ಕಟ್ಟಿದ ಮ್ಯಾನೇಜರುಗಳು ಹಾಗೆ ಕೂತಿದ್ದನ್ನು ನಾನು ಕಂಡಿದ್ದೇನೆ. ಒಮ್ಮೆ ಒಬ್ಬ ಪೊಲೀಸು ಯೂನಿಫಾರ್ಮಿನಲ್ಲೇ ಕೂತಿದ್ದ. ನಮಗೆಲ್ಲ ನಗು ಬರುತ್ತಿತ್ತು, ಗಂಗಣ್ಣನಿಗೆ ಮಾತ್ರ ಬರುತ್ತಿರಲಿಲ್ಲ.

ಅವರು ನಾಗಸಂದ್ರದ ಹಳೆಯ ಮನೆತನದವರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಆರು ಬಾಡಿಗೆ ಮನೆ, ಎರಡು ಶೆಡ್ಡು. ಒಂದನ್ನು ಪ್ಯಾಕಿಂಗ್ ಪೆಟ್ಟಿಗೆ ಮಾಡುವವರಿಗೆ ಕೊಟ್ಟು ಇನ್ನೊಂದನ್ನು ತಮಗೆ ಇಟ್ಟುಕೊಂಡಿದ್ದರು. ಹೊಟ್ಟೆಪಾಡಿಗೆ ದುಡಿಯಬೇಕಾದ ಅಗತ್ಯ ಇರಲಿಲ್ಲವಾದ್ದರಿಂದ ಯಾರ ಮುಲಾಜನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಖಾಕಿ ಅಂಗಿ, ಮೇಲಕ್ಕೆ ಕಟ್ಟಿದ ಪಂಚೆ, ಹೆಗಲ ಮೇಲೆ ಕೈ ಒರೆಸುವ ಬನಿಯನ್ ಬಟ್ಟೆ. ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೆಂಡತಿ ಜಯಮ್ಮ ಕೂತಿರುತ್ತಿದ್ದರು. ಅವರ ಬಲಗಾಲು ಯಾವಾಗಲೂ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು, ಪಕ್ಕದ ಗೋಡೆಗೆ ಒಂದು ಊರುಗೋಲು ಒರಗಿರುತ್ತಿತ್ತು.

ನಾನು ಅವರ ಕೈಗೆ ಸಿಕ್ಕಿದ್ದು ಒಂದು ಶನಿವಾರ, ಬೆಳಿಗ್ಗೆ ಹನ್ನೊಂದೂವರೆಗೆ. ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಯಶವಂತಪುರದ ಕಡೆಯ ಆಸ್ಪತ್ರೆಯಲ್ಲಿ ಹನ್ನೆರಡಕ್ಕೆ ಅವರ ಸರದಿ. ಅರ್ಧ ಗಂಟೆ ನೋಡುತ್ತಾರೆ, ಆಮೇಲೆ ಆ ಹಾಸಿಗೆಯನ್ನು ಕಾದು ಕೂತಿರುವ ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ಹಿಂದಿನ ಗುರುವಾರ ಕಾರು ಸಿಗ್ನಲ್ಲು ಸಿಗ್ನಲ್ಲಿಗೂ ಆಫ್ ಆಗಿ ನಮ್ಮ ಸರದಿ ತಪ್ಪಿಹೋಗಿತ್ತು. ಶನಿವಾರದ ಹೊತ್ತಿಗೆ ಅಪ್ಪನ ಪಾದ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ, ಒರಗಿದರೆ ಉಸಿರು ಕಟ್ಟುತ್ತಿತ್ತು. ಇನ್ನೊಂದು ಸಲ ತಪ್ಪಿಸಲೇಬೇಡಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು.

ನಡುವೆ ಶುಕ್ರವಾರ, ಪೀಣ್ಯದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯ ಹತ್ತಿರದ ಒಂದು ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದ್ದೆ. ಇಂಜಿನ್ನಿಗೆ ಗಾಳಿ ಹೋಗುವ ಬಾಯಿ ಅದು. ಒಳಗೊಂದು ಬಿಲ್ಲೆ ತೆರೆದು ಮುಚ್ಚಿ ಗಾಳಿ ಬಿಡುತ್ತದೆ. ಅಲ್ಲಿ ಮಸಿ ಕಟ್ಟಿದೆ, ತೊಳೆದರೆ ಸರಿಹೋಗುತ್ತದೆ ಅಂದಿದ್ದರು. ತೊಳೆದ ಮೇಲೆ ಹೊಸ ರೋಗ ಶುರುವಾಯಿತು. ನಿಂತಲ್ಲೇ ಇಂಜಿನ್ ಕಿರುಚುತ್ತಿತ್ತು, ಮರುಕ್ಷಣ ಕುಸಿಯುತ್ತಿತ್ತು, ಮತ್ತೆ ಕಿರುಚುತ್ತಿತ್ತು. ಜಗಳಕ್ಕೆ ಹೋದರೆ ಆ ಗ್ಯಾರೇಜಿನವನು ಬಿಲ್ಲೆ ಪೂರ್ತಿ ಮುಚ್ಚದಂತೆ ತಡೆಯುವ ಒಂದು ಸ್ಕ್ರೂ ತಿರುಗಿಸಿ, "ಈಗ ಓಕೆ ಮೇಡಂ" ಎಂದು ಸಾಗಹಾಕಿದ್ದ.

ಆ ಓಕೆ ಶನಿವಾರದವರೆಗೂ ಬಾಳಲಿಲ್ಲ. ಎಂಟನೇ ಮೈಲಿ ಸಿಗ್ನಲ್ಲಿನಲ್ಲಿ ಕಾರು ಮೂರು ಸಲ ನಿಂತಿತು. ಹೇಗೋ ಬದಿಗೆ ತಂದು ಟ್ಯಾಕ್ಸಿ ಬುಕ್ ಮಾಡಿದೆ. ಇಬ್ಬರು ಕ್ಯಾನ್ಸಲ್ ಮಾಡಿದರು, ಮೂರನೆಯವನು ಮ್ಯಾಪಿನಲ್ಲಿ ಇದ್ದ ಜಾಗದಿಂದ ಅಲ್ಲಾಡಲಿಲ್ಲ. ಆಟೋ ಹತ್ತುವುದು ಅಪ್ಪನ ಕೈಲಿ ಆಗುತ್ತಿರಲಿಲ್ಲ. ನನ್ನ ಅವಸ್ಥೆ ನೋಡಿದ ಎಳನೀರಿನವನು ಪಕ್ಕದ ಬೀದಿಗೆ ಮಚ್ಚು ತೋರಿಸಿ, "ಗಂಗಣ್ಣನ ತಾವ ಓಗಿ ಅಕ್ಕ. ಬೈತಾರೆ, ಆದ್ರೆ ಸರಿ ಮಾಡ್ತಾರೆ" ಅಂದ.

ನಿಂತು ನಿಂತು ಕಾರನ್ನು ಅಲ್ಲಿಗೆ ಮುಟ್ಟಿಸಿದೆ. ಗಂಗಣ್ಣ ಬಾನೆಟ್ ಎತ್ತಿ, ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಇಂಜಿನ್ನಿನ ಸದ್ದು ಕೇಳಿಸಿಕೊಂಡರು. ಆಮೇಲೆ ಬಗ್ಗಿ ನೋಡಿದವರ ಮುಖ ಕಪ್ಪಿಟ್ಟಿತು.

"ಈ ಸ್ಕ್ರೂ ಯಾವನ್ ಮುಟ್ಟಿದ್ದು?"

"ನಿನ್ನೆ ಗ್ಯಾರೇಜಿನವರು. ಸಾರ್, ಅಪ್ಪನಿಗೆ ಡಯಾಲಿಸಿಸ್ ಇದೆ, ಹನ್ನೆರಡೂವರೆ ಒಳಗೆ ಮುಟ್ಟಬೇಕು. ಹೇಗೋ ಓಡೋ ಹಾಗೆ ಮಾಡ್ಕೊಡಿ, ಸಾಕು."

"ಎಂಗೋ ಓಡಾದು ನನ್ ತಾವ ಸಿಗಾಕಿಲ್ಲ. ಬ್ಯಾಟ್ರಿ ಬಿಚ್ತೀನಿ. ಅರ್ಧ ಗಂಟೆ ಆಯ್ತದೆ."

ನನಗೆ ಮೈ ಉರಿದುಹೋಯಿತು. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಪಾರ್ಟುಗಳನ್ನು ವಾಪಸ್ ಕಳಿಸುವುದು ನನ್ನದೇ ಕೆಲಸ. ಆದರೆ ಆ ಹೊತ್ತಿನಲ್ಲಿ ಇನ್ನೊಬ್ಬರು ಹಾಗೆ ಕರಾರುವಾಕ್ಕಾಗಿ ಇರುವುದನ್ನು ಸಹಿಸುವ ಸ್ಥಿತಿ ನನ್ನದಾಗಿರಲಿಲ್ಲ. ನನ್ನ ಮುಖ ನೋಡಿಯೂ ನೋಡದವರಂತೆ ಅವರು ಬ್ಯಾಟರಿ ಬಿಚ್ಚಿ, ಸಡಿಲವಾಗಿದ್ದ ಒಂದು ಪೈಪು ಬಿಗಿದು, ಬಿಲ್ಲೆಯ ಸಂದಿಗೆ ತೆಳ್ಳಗಿನ ಕಾಗದದ ಚೂರು ಹಿಡಿದು ಸ್ಕ್ರೂವನ್ನು ಅದರ ಜಾಗಕ್ಕೆ ತಂದರು. ಕೈ ಕೆಲಸ ಮಾಡುತ್ತಿದ್ದ ಹಾಗೆ ಬಾಯಿ ನನಗೆ ಪಾಠ ಹೇಳುತ್ತಿತ್ತು.

"ಇದ್ರಲ್ಲಿ ಒಂದು ಕಂಪ್ಯೂಟ್ರು ಐತೆ. ಮಸಿ ಇದ್ದಾಗ ಎಷ್ಟು ಬಾಯಿ ತಗದ್ರೆ ಎಷ್ಟು ಗಾಳಿ ಅಂತ ಕಲ್ತ್ಕಂಡೈತೆ. ಈಗ ಮಸಿ ಓಗೈತೆ, ಅದ್ಕೆ ಯಾರೂ ಏಳಿಲ್ಲ. ಅಳೇ ಅಭ್ಯಾಸದಾಗೇ ಬಾಯಿ ತಗೀತಾ ಐತೆ. ಅಳೇದು ಮರೀಬೇಕು, ಒಸದಾಗಿ ಕಲೀಬೇಕು. ಕಲಿಯಾಗಂಟ ಯಾರೂ ಮುಟ್ಟಬಾರ್ದು. ಕಾಲು ಮೇಲೆ ಆಕ್ಕಂಡು ಕೂತ್ಕಳಿ."

ಹಿಂದಿನ ಸೀಟಿನಲ್ಲಿದ್ದ ಅಪ್ಪನ ಕಡೆ ತಿರುಗಿ, ದನಿ ತಗ್ಗಿಸಿ, "ಯಜಮಾನ್ರೇ, ನೀವು ಆರಾಮಾಗಿ ಕೆಳಗೇ ಇಟ್ಕಳಿ" ಅಂದರು.

ಹನ್ನೊಂದು ನಲವತ್ತಕ್ಕೆ ಇಂಜಿನ್ ಶುರುವಾಯಿತು. ಮೊದಲು ಹತ್ತು ನಿಮಿಷ ಬರೀ ಇಂಜಿನ್, ಆಮೇಲೆ ಏಸಿ ಹಾಕಿ ಹತ್ತು ನಿಮಿಷ. ಇಂಜಿನ್ನಿನ ವೇಗ ತೋರಿಸುವ ಮುಳ್ಳು ಏರಿತು, ಇಳಿಯಿತು, ಏರಿತು. ಹಿಂದೆ ಅಪ್ಪನ ಉಸಿರು ಕೇಳಿಸುತ್ತಿತ್ತು. ಎಂಟನೇ ನಿಮಿಷಕ್ಕೆ ಮುಳ್ಳು ಜರ್ರನೆ ಕೆಳಗೆ ಬಿದ್ದು, ಇಂಜಿನ್ ನಿಂತೇಹೋಯಿತು ಅನ್ನಿಸಿದಾಗ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಕೆಳಗಿಳಿದು ಒತ್ತಿಬಿಟ್ಟಿತು. ಇಂಜಿನ್ ಅಬ್ಬರಿಸಿತು. ಗಂಗಣ್ಣ ಕಿಟಕಿಯಿಂದ ಕೈ ಹಾಕಿ ಕೀಲಿ ತಿರುಗಿಸಿ ಆಫ್ ಮಾಡಿದರು.

"ಮೊದ್ಲಿಂದ."

"ನಮ್ಮಪ್ಪನಿಗೆ ಏನಾದ್ರೂ ಆದ್ರೆ ನಿಮ್ಮ ಈ ಪಾಠ ಇಟ್ಕೊಂಡು ನಾನೇನ್ ಮಾಡ್ಲಿ?" ಎಂದು ಕಿರುಚಿದೆ. ಗಂಗಣ್ಣ ಬ್ಯಾಟರಿಯ ಕಡೆ ನಡೆದರು.

ಮಾತಾಡಿದ್ದು ಜಯಮ್ಮ. "ಇಂಗೇ ಒಂದಿನ ಬಂದಿದ್ದ ಗಿರಾಕಿಗೂ ನಿನ್ನಂಗೇ ಅರ್ಜೆಂಟಿತ್ತು ಕಣವ್ವ. ಕ್ಲೀನ್ ಮಾಡಿದ್ ಮ್ಯಾಲೆ ಗಾಡಿ ನಿಂತ್ ನಿಂತ್ ಓಯ್ತಿತ್ತು. ಬಲವಂತ ಮಾಡ್ದ ಅಂತ ಇವ್ರು ಸ್ಕ್ರೂ ತಿರುಗ್ಸಿ ರೇಸ್ ಜಾಸ್ತಿ ಮಾಡಿ ಕೊಟ್ರು. ಆಟೋಮ್ಯಾಟಿಕ್ ಗಾಡಿ. ಗೇರ್ ಆಕಿದ್ದೇ ತಡ ನುಗ್ತು. ನಾನು ಇದೇ ಬಾಗ್ಲಾಗೆ ಬಕೆಟ್ ಇಡ್ಕಂಡ್ ನಿಂತಿದ್ದೆ." ಸೀರೆಯನ್ನು ಮೊಣಕಾಲವರೆಗೆ ಸರಿಸಿದರು. ಉದ್ದಕ್ಕೂ ಹೊಲಿಗೆಯ ಗುರುತು. "ಒಳಗೆ ಕಬ್ಣ ಐತೆ."

ಗಂಗಣ್ಣ ನಮ್ಮ ಕಡೆ ಬೆನ್ನು ಹಾಕಿ, ಆಗಲೇ ಒರೆಸಿದ್ದ ಸ್ಪ್ಯಾನರನ್ನು ಮತ್ತೆ ಒರೆಸುತ್ತಿದ್ದರು. ನನಗೆ ನಾಚಿಕೆಯಾಯಿತು. ಗಡಿಯಾರದ ಭಯ ಅದರಿಂದೇನೂ ಕಡಿಮೆಯಾಗಲಿಲ್ಲ, ಆದರೆ ಬಾಯಿ ಮುಚ್ಚಿಕೊಂಡು ಕಾಲು ಮೇಲಕ್ಕೆಳೆದುಕೊಂಡೆ.

ಈ ಸಲ ಮುಳ್ಳು ಬಿದ್ದಾಗ ಎರಡೂ ಪಾದಗಳನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಬಿದ್ದದ್ದು ತಾನೇ ಎದ್ದಿತು. ಮತ್ತೆ ಬಿತ್ತು, ಮೊದಲಿನಷ್ಟು ಕೆಳಗಲ್ಲ. ನಿಧಾನವಾಗಿ ಒಂದು ಕಡೆ ನಿಂತಿತು. ಗಂಗಣ್ಣ ಗೂಡಿನಿಂದ ಕೆಂಪು ನೈಲ್ ಪಾಲಿಶಿನ ಬಾಟಲಿ ತೆಗೆದು ಆ ಸ್ಕ್ರೂವಿನ ತಲೆಯ ಮೇಲೆ ಒಂದು ಚುಕ್ಕಿ ಇಟ್ಟರು.

"ಇದು ಒಡದಿದ್ರೆ ಯಾವನೋ ಮುಟ್ಟವ್ನೆ ಅಂತ."

"ನಂಗೆ ಅಂತ ತಂದಿದ್ದು. ಒಂದಿನಾನೂ ಅಚ್ಕಳಾಕೆ ಬಿಡ್ಲಿಲ್ಲ" ಎಂದರು ಜಯಮ್ಮ.

ಹೊರಟಾಗ ಹನ್ನೆರಡು ಹದಿನೈದು. ನಾನು ಕರೆಯದೆಯೇ ಗಂಗಣ್ಣ ಪಕ್ಕದ ಸೀಟಿನಲ್ಲಿ ಬಂದು ಕೂತಿದ್ದರು, ಅದೇ ಪಂಚೆಯಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿಕೊಂಡು. ಪ್ರತಿ ಸಿಗ್ನಲ್ಲಿನಲ್ಲೂ "ಕಾಲು ತಗೀರಿ, ಸುಮ್ಕಿರಿ" ಅನ್ನುತ್ತಿದ್ದರು. ಗೊರಗುಂಟೆಪಾಳ್ಯದಲ್ಲಿ ಕೆಂಪು ದೀಪ ಹಸಿರಾಗುವುದೇ ಇಲ್ಲವೇನೋ ಅನ್ನಿಸಿತು. ಇಂಜಿನ್ ನಡುಗಲಿಲ್ಲ. ಹನ್ನೆರಡೂವರೆಗೆ ಒಂದು ನಿಮಿಷ ಇರುವಾಗ ಗಂಗಣ್ಣನೇ ವೀಲ್‌ಚೇರ್ ತಳ್ಳಿಕೊಂಡು ಡಯಾಲಿಸಿಸ್ ಕೋಣೆಯ ಬಾಗಿಲು ದಾಟಿಸಿದರು. ನಾನು ತಿರುಗಿ ನೋಡುವಷ್ಟರಲ್ಲಿ ಮೆಟ್ರೋ ಹಿಡಿಯಲು ಹೋಗಿಬಿಟ್ಟಿದ್ದರು.

ಆಮೇಲೆ ನಾಲ್ಕು ವರ್ಷ ಆ ಕಾರನ್ನು ಬೇರೆಯವರ ಕೈಗೆ ಕೊಡಲಿಲ್ಲ. ನನ್ನ ಆತುರವನ್ನು ಗಂಗಣ್ಣ ಬಿಡದೆ ಆಡಿಕೊಳ್ಳುತ್ತಿದ್ದರು. "ಗಾಡಿ ಕಲ್ತ್ಬುಡ್ತು, ನೀನ್ ಯಾವಾಗ ಕಲಿಯಾದು?" ಎನ್ನುತ್ತಿದ್ದರು. ಅಪ್ಪ ಜೊತೆಗಿದ್ದರೆ ಮಾತ್ರ ಅವರ ಕೈಗೆ ಕಾಫಿ ಲೋಟ ಕೊಡುವ ಮೊದಲು, "ಇವತ್ತು ನೀರು ಎಷ್ಟು ಕುಡಿಬೌದು ಯಜಮಾನ್ರೇ?" ಎಂದು ಕೇಳಿ, ಅಳತೆ ನೋಡಿ ಬಗ್ಗಿಸುತ್ತಿದ್ದರು. ಅಪ್ಪ ಕುಡಿಯುವ ನೀರಿಗೂ ದಿನಕ್ಕಿಷ್ಟೇ ಎಂಬ ಮಿತಿ ಇದೆ ಎಂದು ನಮ್ಮ ನೆಂಟರಲ್ಲಿ ನೆನಪಿಟ್ಟುಕೊಂಡವರು ಕಡಿಮೆ.

ಕೊನೆಯ ಸಲ ಹೋದಾಗ ಕುರ್ಚಿಯಲ್ಲಿ ಗಂಗಣ್ಣ ಕೂತಿದ್ದರು, ಜಯಮ್ಮ ಊರುಗೋಲು ಹಿಡಿದು ಪಕ್ಕದಲ್ಲಿ ನಿಂತಿದ್ದರು. ಗಂಗಣ್ಣ ಬಹಳ ಇಳಿದುಹೋಗಿದ್ದರು. ಕೆಲಸವನ್ನೇನೋ ನಿಧಾನವಾಗಿ ಮುಗಿಸಿದರು, ಆದರೆ ಬಾಟಲಿ ಹಿಡಿದಾಗ ಕೈ ನಡುಗಿತು. "ನೀನೇ ಇಡವ್ವ" ಎಂದು ನನ್ನ ಕೈಗೆ ಕೊಟ್ಟರು. ನಾನು ಬಗ್ಗಿ ಚುಕ್ಕಿ ಇಟ್ಟೆ. ಅದನ್ನು ಕನ್ನಡಕ ಏರಿಸಿ ನೋಡಿ, "ಊಂ, ನೆಟ್ಟಗೈತೆ" ಅಂದರು. ಹದಿನೈದು ದಿನಕ್ಕೆ ತೀರಿಕೊಂಡರು. ಅವತ್ತು ಮಂಗಳವಾರ, ಅಪ್ಪನ ಸರದಿ ಇತ್ತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು, ಅದು ನನ್ನನ್ನು ಇನ್ನೂ ಚುಚ್ಚುತ್ತದೆ.

ಹೋದ ತಿಂಗಳು ಆಸ್ಪತ್ರೆಯ ದಾರಿಯಲ್ಲಿ, ದಾಸರಹಳ್ಳಿಯ ಹತ್ತಿರ ಕಾರು ಮತ್ತೆ ನಿಲ್ಲತೊಡಗಿತು. ಸಿಕ್ಕ ಗ್ಯಾರೇಜಿಗೆ ನುಗ್ಗಿಸಿದೆ. ನಲವತ್ತೈದರ ಆಸುಪಾಸಿನ ಮೆಕ್ಯಾನಿಕ್ಕು ಬೇಗ ಬೇಗ ಮಸಿ ಒರೆಸಿ ಸ್ಟಾರ್ಟ್ ಮಾಡಿದ. ಇಂಜಿನ್ ಏರಿತು, ಬಿತ್ತು. ಗಂಟೆ ಹನ್ನೊಂದು ನಲವತ್ತು.

"ಬ್ಯಾಟ್ರಿ ಬಿಚ್ಚಿ ಸೆಟ್ ಮಾಡಕ್ಕೆ ಅರ್ಧ ಗಂಟೆ ಬೇಕು ಮೇಡಂ. ಅರ್ಜೆಂಟಿದ್ರೆ ಸ್ಕ್ರೂ ಸ್ವಲ್ಪ ತಿರುಗಿಸ್ಬಿಡ್ತೀನಿ, ಓಡುತ್ತೆ."

ಕನ್ನಡಿಯಲ್ಲಿ ಅಪ್ಪನ ಮುಖ ಕಂಡಿತು. ನನ್ನ ಬಾಯಿಂದ, "ಹಾಗೇ ಮಾಡಿ" ಎಂಬ ಮಾತು ಬಂದುಬಿಟ್ಟಿತು.

ಅವನು ಸ್ಕ್ರೂಡ್ರೈವರ್ ಹಿಡಿದು ಬಗ್ಗಿದವನು ಹಾಗೇ ನಿಂತ. ಬೆರಳಿನಿಂದ ಏನನ್ನೋ ಒರೆಸಿ ನೋಡಿದ.

"ಇದು ಗಂಗಣ್ಣನ ಚುಕ್ಕಿ ಅಲ್ವಾ ಮೇಡಂ?"

ನಾನು ಹೌದೆಂದು ತಲೆಯಾಡಿಸಿದೆ. ಅವನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಬ್ಯಾಟರಿಯ ಸ್ಪ್ಯಾನರ್ ತೆಗೆದುಕೊಂಡ.

"ಬೇಜಾರ್ ಮಾಡ್ಕೋಬೇಡಿ, ಇದನ್ನ ನಾನ್ ಮುಟ್ಟಲ್ಲ. ಕಾಲು ಮೇಲೆ ಹಾಕ್ಕೊಂಡು ಕೂತ್ಕೊಳಿ."

ಹಿಂದಿನ ಸೀಟಿನಲ್ಲಿ ಅಪ್ಪ ಆಸ್ಪತ್ರೆಗೆ ಫೋನ್ ಹಚ್ಚಿ, "ಸ್ವಲ್ಪ ತಡ ಆಗತ್ತಮ್ಮ, ಬಂದೇ ಬರ್ತೀವಿ" ಎಂದು ಹೇಳುತ್ತಿದ್ದರು. ನಾನು ಚಪ್ಪಲಿ ಕಳಚಿ ಸೀಟು ಹಿಂದಕ್ಕೆ ತಳ್ಳಿದೆ.