ಬಾದಾಮಿ ಮರದ ಬಿಸಿಲು ಬದಿ

ನನ್ನ ಅಕ್ಕನ ಗಂಡನಿಗೆ, ಅಂದರೆ ನಮ್ಮ ಭಾವನಿಗೆ, ಬೇಕಾಗಿದ್ದದ್ದು ಒಂದೇ ಮಾತು. ಅಕ್ಕ ನಮ್ಮ ಮನೆಯ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಬರಬೇಕು, ಅಲ್ಲಿ ಪ್ಲೈವುಡ್ ಹಲಗೆಯ ಮೇಲೆ ನಿಂತಿರುವ ಪುಟ್ಟ ರೈಲ್ವೆ ಸ್ಟೇಷನ್ನನ್ನು ನೋಡಬೇಕು, ನೋಡಿ 'ಹೌದು, ಇದೇ' ಅನ್ನಬೇಕು. ಆ ಒಂದು ಮಾತಿಗಾಗಿ ಅವರು ಕುಣಿಗಲ್‌ನಿಂದ ತುಮಕೂರಿಗೆ ವಾರ ತಪ್ಪದೆ ಬಸ್ಸಿನಲ್ಲಿ ಬಂದು, ಸದಾಶಿವನಗರದ ನಮ್ಮ ಮನೆಯಲ್ಲಿ ಊಟ ಮಾಡಿ, ಕನ್ನಡಕದ ಮೇಲೊಂದು ಕನ್ನಡಕ ಹಾಕಿಕೊಂಡು ಕೂರುತ್ತಿದ್ದರು.

ಹಲಗೆ ಅವರದು, ರೈಲು ಅವರದು, ಕೋಣೆ ಮಾತ್ರ ನನ್ನದು. ಕುಣಿಗಲ್ ಮನೆಯಲ್ಲಿ ಮೊಮ್ಮಕ್ಕಳು ಇಂಜಿನ್ನನ್ನು ನೀರಿನ ಡ್ರಮ್ಮಿನಲ್ಲಿ ಈಜಲು ಬಿಟ್ಟ ಮೇಲೆ ಇಡೀ ರೈಲ್ವೆ ನಮ್ಮಲ್ಲಿಗೆ ವರ್ಗವಾಗಿ ಬಂತು. ನಾನು ಬರೆಯಲೆಂದು ಇಟ್ಟುಕೊಂಡಿದ್ದ ಕೋಣೆ ಅದು. ಅಲ್ಲಿ ಹೇಗೂ ಬರವಣಿಗೆ ನಡೆಯುತ್ತಿರಲಿಲ್ಲ, ರೈಲಾದರೂ ನಡೆಯಲಿ ಎಂದಳು ನನ್ನ ಹೆಂಡತಿ.

ಸ್ಟೇಷನ್ ಗುಬ್ಬಿಯದು. ಅಕ್ಕ, ನಾನು ಹುಟ್ಟಿ ಬೆಳೆದದ್ದು ಅದರ ಹಿಂದಿನ ಬೀದಿಯಲ್ಲಿ. ಭಾವನ ಯೌವನದಲ್ಲಿ ಕುಣಿಗಲ್‌ಗೆ ರೈಲು ಇರಲಿಲ್ಲ. ಹೆಣ್ಣು ನೋಡಲು ಗುಬ್ಬಿಗೆ ಹೊರಟ ದಿನ ಹಿರಿಯರೆಲ್ಲ ತುಮಕೂರಿನಲ್ಲಿ ಇನ್ನೊಂದು ಬಸ್ಸು ಹತ್ತಿದರೆ, ಇವರೊಬ್ಬರು ಓಡಿಹೋಗಿ ರೈಲು ಹತ್ತಿದರಂತೆ. ಜೀವನದ ಮೊದಲ ರೈಲು. ಗುಬ್ಬಿಯಲ್ಲಿ ಇಳಿದು, ಸ್ಟೇಷನ್ ಪಕ್ಕದ ಬಾದಾಮಿ ಮರದ ಕೆಳಗೆ ನಿಂತರಂತೆ. ಮರ ಪೂರ್ತಿ ಕೆಂಪಾಗಿ ಎಲೆ ಉದುರಿಸುತ್ತಿತ್ತಂತೆ. ಆಮೇಲೆ ಬಸ್ ಸ್ಟ್ಯಾಂಡಿಗೆ ನಡೆದು ಹಿರಿಯರ ಜೊತೆ ಸೇರಿ ನಮ್ಮ ಮನೆಗೆ ಬಂದರಂತೆ. ಇಷ್ಟೊಂದು 'ಅಂತೆ' ಹಾಕಲು ಕಾರಣ ಅಕ್ಕ.

'ಎಲ್ಲರ ಜೊತೆ ಬಸ್ ಸ್ಟ್ಯಾಂಡ್ ಕಡೆಯಿಂದ ಬಂದ್ರು. ನಮ್ಮಪ್ಪನೇ ಎದುರು ಹೋಗಿ ಕರ್ಕೊಂಡ್ ಬಂದಿದ್ದು. ರೈಲೂ ಇಲ್ಲ ಗೀಲೂ ಇಲ್ಲ' ಎಂದು ಮದುವೆಯಾದಾಗಿನಿಂದ ಅವಳು ಹೇಳುತ್ತ ಬಂದಿದ್ದಾಳೆ. 'ಅದೂ ದಸರಾ ಕಳೆದ ಹೊಸದ್ರಲ್ಲಿ. ಆಗ ಯಾವ ಮರ ಎಲೆ ಉದುರ್ಸತ್ತೆ?'

'ಶಿವರಾತ್ರಿ ಹತ್ರ ಕಣೇ!'

'ನಿಮ್ಗೆ ನಮ್ಮ ಮದ್ವೆ ತಾರೀಖೇ ನೆನಪಿರಲ್ಲ, ಮರದ ಎಲೆ ನೆನಪಿದ್ಯಾ?'

ಸಾಕ್ಷಿ ಹೇಳಬೇಕಾದ ಹಿರಿಯರು ಯಾರೂ ಈಗಿಲ್ಲ. ನಾನಿದ್ದೆ, ಚಡ್ಡಿ ಹಾಕುವ ವಯಸ್ಸಿನವನು. ನನ್ನ ಕಣ್ಣ ಮುಂದೆಯೂ ಕೆಂಪು ಎಲೆಗಳು ಬರುತ್ತವೆ, ನಿಜ. ಆದರೆ ಆ ಎಲೆಗಳು ಗುಬ್ಬಿಯವೋ, ಭಾವ ತೋರಿಸಿದ ಮೊಬೈಲ್ ವಿಡಿಯೋಗಳವೋ ಎಂದು ಪ್ರಮಾಣ ಮಾಡಿ ಹೇಳಲಾರೆ. ಒಮ್ಮೆ ಗುಬ್ಬಿಗೇ ಹೋಗಿ ವಿಚಾರಿಸಿದೆ. ಮರ ಇರಬೇಕಾದ ಜಾಗದಲ್ಲಿ ಬೈಕುಗಳು ನಿಂತಿದ್ದವು. ಟೀ ಅಂಗಡಿಯವನು ಅಲ್ಲಿದ್ದದ್ದು ಹೊಂಗೆ ಅಂದ. ಟೀ ಕುಡಿಯುತ್ತಿದ್ದವರೊಬ್ಬರು ಹುಣಸೆ ಅಂದರು. ಮೂರನೆಯವರು ಅಲ್ಲಿ ಯಾವತ್ತೂ ಮರವೇ ಇರಲಿಲ್ಲ ಎಂದರು. ನಾನು ವಾಪಸು ಬಂದೆ.

ವಿಡಿಯೋಗಳ ವಿಷಯ ಹೇಳಬೇಕು. ಶರತ್ಕಾಲದ ಮರ ಮಾಡುವುದನ್ನು ಯಾವುದೋ ತಂಪು ದೇಶದ ಸಾಹೇಬರೊಬ್ಬರು ಅವುಗಳಲ್ಲಿ ಕಲಿಸುತ್ತಿದ್ದರು. ಬೆಟ್ಟಕ್ಕೆ ಬೆಟ್ಟವೇ ಕಿತ್ತಳೆ ಹಣ್ಣಿನ ಬಣ್ಣ. ಮರಗಳೆಲ್ಲ ಐಸ್‌ಕ್ರೀಮಿನ ಹಾಗೆ ಗುಂಡಗೆ. ಭಾವ ಅದನ್ನು ನೋಡಿಕೊಂಡು ಮೊದಲ ಮರ ಮಾಡಿದಾಗ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನೋಡಿ, 'ಅಣ್ಣಾ, ಚೆನ್ನಾಗಿದೆ, ಬೋಂಡಾ ಗಿಡ' ಅಂದಳು.

ನಮ್ಮಲ್ಲಿ ಎಲೆ ಉದುರುವುದು ಹಾಗಲ್ಲ. ಒಂದೇ ಬೀದಿಯಲ್ಲಿ ಒಂದು ಮರ ಬೋಳಾಗಿದ್ದರೆ ಪಕ್ಕದ್ದು ದಟ್ಟ ಹಸಿರು. ಹೊಂಗೆಯಂತೂ ಇತ್ತ ಹಳೆ ಎಲೆ ಉದುರಿಸುತ್ತ ಅತ್ತ ಚಿಗುರುತ್ತಿರುತ್ತದೆ, ದುಃಖಪಡಲು ಪುರುಸೊತ್ತೇ ಕೊಡುವುದಿಲ್ಲ. ಬಾದಾಮಿ ಮಾತ್ರ ನಿಧಾನಸ್ಥ. ಛತ್ರಿಯ ಮೇಲೆ ಛತ್ರಿ ಇಟ್ಟಂತೆ ಕೊಂಬೆ ಚಾಚಿ ನಿಂತು, ಒಂದೊಂದೇ ಎಲೆಯನ್ನು ಹಳದಿ ಮಾಡಿ, ಕೆಂಪು ಮಾಡಿ, ಚೆನ್ನಾಗಿ ಹಣ್ಣಾದ ಮೇಲೆ ಬಿಡುತ್ತದೆ. ನಾವು ಮಾಡಬೇಕಾಗಿದ್ದದ್ದು ಅದನ್ನು, ಗೇಣಿಗಿಂತ ಕಡಿಮೆ ಎತ್ತರದಲ್ಲಿ.

ಕಾಂಡಕ್ಕೆ ತಂತಿ ಬೇಕಿತ್ತು. ಉಪ್ಪಾರಹಳ್ಳಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ಭಾಯ್ ನನಗೆ ಹಳೆಯ ಪರಿಚಯ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳ ಹೊಟ್ಟೆಯಿಂದ ತೆಗೆದ ತಾಮ್ರದ ತಂತಿ ಅವರ ಬಾಗಿಲಲ್ಲಿ ಜಡೆಜಡೆಯಾಗಿ ಬಿದ್ದಿರುತ್ತದೆ. ಭಾವನನ್ನೂ ಕರೆದುಕೊಂಡು ಅಲ್ಲಿಗೆ ಹೋದೆ. ತಂತಿ ಯಾಕೆ ಎಂದು ಭಾಯ್ ಕೇಳಿದರು. ರೈಲ್ವೆ ಸ್ಟೇಷನ್ನಿಗೆ ಮರ ಮಾಡೋಕೆ ಎಂದೆ.

'ಏನ್ ಸಾರ್, ರೈಲ್ವೆಯೋರು ಟೆಂಡರ್ ನಿಮಗೇ ಕೊಟ್ಟವ್ರಾ?'

'ನಮ್ಮ ಭಾವಂದು. ಸಣ್ಣ ಸ್ಟೇಷನ್.'

'ಎಷ್ಟ್ ಸಣ್ಣದು?' ಕೈಯಲ್ಲಿ ಅಳತೆ ತೋರಿಸಿದೆ. ಭಾಯ್ ಭಾವನನ್ನು ಮೇಲಿಂದ ಕೆಳಗೆ ನೋಡಿದರು. 'ಯಜಮಾನ್ರೇ, ಇದು ಯಾರಿಗೋಸ್ಕರ?'

'ನಮ್ಮ ಮನೆಯೋರಿಗೆ.'

'ಅವರು ಕೇಳವ್ರಾ?'

'ಇಲ್ಲ. ಬೇಡ ಅಂತವ್ಳೆ.'

'ಹಂಗಾದ್ರೆ ದಪ್ಪ ತಂತಿ ತಗೊಳ್ಳಿ. ಬೇಗ ಮುರಿಯಲ್ಲ' ಎಂದು ಒಂದು ಸಿಂಬಿ ಎತ್ತಿ ಕೊಟ್ಟರು.

ತಂತಿಗಳನ್ನು ಒಟ್ಟಿಗೆ ಹೊಸೆದು, ಬುಡದಲ್ಲಿ ಬೇರಿಗೆಂದು ಬಿಡಿಸಿ, ಮೇಲೆ ಹಂತಹಂತವಾಗಿ ಕೊಂಬೆ ಬಾಗಿಸಿದೆವು. ಅದರ ಮೇಲೆ ಗೋಡೆಗೆ ಹಚ್ಚುವ ಪುಟ್ಟಿ. ತೊಗಟೆ ಅಂದರೆ ಕಂದು ಎಂದುಕೊಂಡಿದ್ದೆವು. ಬೀದಿಗಿಳಿದು ನೋಡಿದರೆ ಎಲ್ಲ ಮರವೂ ಧೂಳು ಬಣ್ಣ, ಬೂದಿ ಬಣ್ಣ. ಬುಡಕ್ಕೆ ಸುಣ್ಣದ ಪಟ್ಟಿ ಬಳಿಯಲೇಬೇಕು ಎಂದು ಭಾವ ಹಟ ಹಿಡಿದರು. ಸ್ಟೇಷನ್ ಮರಗಳಿಗೆ ಸುಣ್ಣ ಬಳಿಯುತ್ತಿದ್ದದ್ದು ನಿಜ, ಇದೊಂದಕ್ಕೆ ನನ್ನ ತಕರಾರಿರಲಿಲ್ಲ. ಅಂಗಡಿಯಿಂದ ನಿಜವಾದ ಸುಣ್ಣವನ್ನೇ ತಂದರು. ಪಟ್ಟಿ ಬಳಿದ ಕೈಯಲ್ಲೇ ಕೆಳಗಿನ ಕೊಂಬೆಗಳನ್ನೂ ಮುಟ್ಟಿ ಮುಟ್ಟಿ ಸರಿಮಾಡಿದರು.

ಎಲೆಗೆ ಮೊದಲು ನಿಜವಾದ ಬಾದಾಮಿ ಎಲೆಯನ್ನೇ ಒಣಗಿಸಿ ಪುಡಿ ಮಾಡಿದೆವು. ನಶ್ಯದ ಹಾಗಾಯಿತು. ಆಮೇಲೆ ಕುಶನ್ ಅಂಗಡಿಯಿಂದ ಫೋಮ್ ತುಂಡುಗಳನ್ನು ತಂದು, ನೀರು ಹಾಕಿ ಮಿಕ್ಸಿಯಲ್ಲಿ ತಿರುವಿದೆವು. ಮಿಕ್ಸಿಯ ಹಳೆಯ ಚಟ್ನಿ ಜಾರನ್ನು ನನ್ನ ಹೆಂಡತಿ ರೈಲ್ವೆಗೆ ದಾನ ಮಾಡಿದಳು. ಆದ್ದರಿಂದ ನಮ್ಮ ಮರಗಳಿಂದ ಬೆಳ್ಳುಳ್ಳಿ ವಾಸನೆ ಬರುತ್ತದೆ. ಬಣ್ಣಕ್ಕೆ ಪೇಂಟು ಬೇಡ, ಹೊಳೆಯುತ್ತದೆ ಎಂದು ಭಾವ ಅಡುಗೆಮನೆಯ ಅರಿಶಿನವನ್ನೇ ಕಲಸಿದರು. ಟೆರೇಸಿನಲ್ಲಿ ಒಣಗಿಸಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಕೊಂಬೆಗೆ ಅಂಟಿಸಿ, ಮೇಲೆ ನೀರಾದ ಗೋಂದು ಚಿಮುಕಿಸಿದೆವು. ಹಳದಿ ಮರ ನಿಂತಿತು. ಬಹಳ ಹಳದಿ.

'ಕೆಂಪು ಬೇಕಲ್ಲೋ. ನಾಳೆ ಕುಂಕುಮ ಹಾಕೋಣ' ಎಂದು ಭಾವ ಆ ರಾತ್ರಿ ನಮ್ಮಲ್ಲೇ ಮಲಗಿದರು.

ಬೆಳಿಗ್ಗೆ ಕಾಫಿ ಹಿಡಿದು ಮೇಲೆ ಹೋದರೆ ಕೆಳಗಿನ ಕೊಂಬೆಗಳೆಲ್ಲ ರಕ್ತಗೆಂಪು. ಮೇಲೆ ಹೋದಂತೆ ಕೆಂಪು ಕಡಿಮೆಯಾಗಿ, ತುದಿಯಲ್ಲಿ ಹಳದಿ. ಹಣ್ಣಾಗುತ್ತಿರುವ ಬಾದಾಮಿ ಮರವೇ. ಭಾವ ಎರಡೂ ಕನ್ನಡಕ ಹಾಕಿಕೊಂಡು ಮರದ ಸುತ್ತ ಬಗ್ಗಿ ಬಗ್ಗಿ ನೋಡುತ್ತಿದ್ದರು. ನಾನು ಅರೆಗಳಿಗೆ ಪವಾಡದ ಕಡೆ ವಾಲಿದ್ದೆ ಎಂದು ಒಪ್ಪಿಕೊಳ್ಳುವುದೇ ಒಳ್ಳೆಯದು. ಹಿಂದಿನಿಂದ ಬಂದ ನನ್ನ ಹೆಂಡತಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು.

'ಅರಿಶಿನ, ಸುಣ್ಣ, ನೀರು! ಓಕುಳಿ ನೀರು ಮಾಡಿಟ್ಟಿದ್ದೀರಲ್ಲ ಇಬ್ರೂ! ಅಣ್ಣಾ, ನಿಮ್ಮ ಮದ್ವೇಲಿ ಆರತಿ ಎತ್ತಿರ್ಲಿಲ್ವಾ? ತಟ್ಟೇಲಿ ನೀರು ಯಾಕೆ ಕೆಂಪಗಿರತ್ತೆ ಅಂತ ಇಷ್ಟು ವರ್ಷದಲ್ಲಿ ಒಂದು ದಿನ ಯೋಚ್ನೆ ಮಾಡಿಲ್ವಾ?'

ಮಾಡಿರಲಿಲ್ಲ. ಆರತಿ ಎತ್ತಿಸಿಕೊಳ್ಳುವವರು ತಟ್ಟೆಯ ಒಳಗೆ ನೋಡುವುದಿಲ್ಲ. ಆದರೆ ಭಾವನಿಗೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಗಿತ್ತು. ಉದುರಿದ ಎಲೆಯೆಂದು ಬುಡದ ಸುತ್ತ ಕೆಂಪು ಚೂರುಗಳನ್ನು ಹರಡಿ, ನೆರಳು ದಟ್ಟವಾದ ಕಡೆ ಬೆರಳುಗುರಿನಷ್ಟು ಎತ್ತರದ ಒಬ್ಬ ಮನುಷ್ಯನನ್ನು ಅಂಟಿಸಿದರು. ಬಿಳಿ ಅಂಗಿಯ ಮನುಷ್ಯ. ಯಾರೆಂದು ನಾವು ಕೇಳಲಿಲ್ಲ.

ಈಗ ಅಕ್ಕ ಬರಬೇಕಿತ್ತು. ಅವಳು ಬರಲು ತಯಾರಿರಲಿಲ್ಲ. ಮಂಡಿ ನೋವು ಅಂದಳು. ಮನೆ ಬಿಟ್ಟು ಬರೋಕಾಗಲ್ಲ ಅಂದಳು. ಫೋನಿನಲ್ಲಿ ಫೋಟೋ ಕಳಿಸಿದರೆ, 'ಯಾರ ಮನೆ ಕೇಕು?' ಎಂದು ಬರೆದಳು. ಭಾವ ಆ ಉತ್ತರವನ್ನು ಮತ್ತೆ ಮತ್ತೆ ನೋಡಿ, ಇಂಜಿನ್ನನ್ನು ಡಬ್ಬಕ್ಕೆ ಹಾಕಿಟ್ಟರು. 'ಎಲ್ಲ ಕುಣಿಗಲ್‌ಗೆ ಸಾಗಿಸಿಬಿಡೋಣ ಕಣೋ, ಮಕ್ಕಳು ಆಡ್ಕೊಳ್ಳಲಿ' ಎಂದರು. ಆವತ್ತು ಅವರು ಊಟಕ್ಕೂ ನಿಲ್ಲಲಿಲ್ಲ.

ಕೊನೆಗೆ ಅವಳು ಬಂದದ್ದು ಬೇರೆ ಕೆಲಸಕ್ಕೆ. ಊರ್ಡಿಗೆರೆಯಲ್ಲಿ ನೆಂಟರ ಗೃಹಪ್ರವೇಶ. ಅದನ್ನು ಮುಗಿಸಿಕೊಂಡು ದಾರಿಯಲ್ಲಿ ಇಬ್ಬರೂ ನಮ್ಮ ಮನೆಗೆ ಬಂದರು. ಭಾವ ಕಾಲು ತೊಳೆದವರೇ ಮೇಲೆ ಹೋದರು, ಹಿಂದೆ ನಾನು. ತಟ್ಟೆ ಹಾಕಿ ಕೂಗಿದರೂ ನಾವು ಇಳಿಯಲಿಲ್ಲವೆಂದು ಮಂಡಿಯನ್ನೂ ನಮ್ಮನ್ನೂ ಬಯ್ಯುತ್ತ ಅಕ್ಕನೇ ಹತ್ತಿ ಬಂದಳು. 'ಸಾರು ಆರೋಗ್ತಿದೆ, ನಿಮ್ಮ ರೈಲು ಎಲ್ಲಿಗೂ ಹೋಗಲ್ಲ ಬನ್ರೀ' ಎನ್ನುತ್ತ ಒಳಗೆ ಬಂದವಳು ಹಲಗೆಯ ಹತ್ತಿರ ನಿಂತಳು.

ಸ್ಟೇಷನ್ ಕಟ್ಟಡ ನೋಡಿದಳು. ಪ್ಲಾಟ್‌ಫಾರ್ಮಿನ ನಲ್ಲಿ ನೋಡಿದಳು. ಮರದ ಮುಂದೆ ಬಗ್ಗಿದಳು.

'ತಪ್ಪು' ಅಂದಳು.

'ಬಣ್ಣ ತಾನೇ? ನಂಗೊತ್ತಿತ್ತು, ದಸರಾ ಅಂತೀಯ.'

'ಬಣ್ಣ ಅಲ್ಲ. ಮರ ಹಿಂಗೆ ತುಂಬ್ಕೊಂಡಿರ್ಲಿಲ್ಲ. ಈ ಕಡೆ ಕರೆಂಟ್ ತಂತಿ ಹೋಗಿತ್ತಲ್ಲ, ಕರೆಂಟಿನೋರು ಬಂದು ಬಂದು ಈ ಕಡೆ ಕೊಂಬೆ ಎಲ್ಲ ಕಡಿದು ಬಿಸಾಕ್ತಿದ್ರು. ಅರ್ಧ ಮರ ಅದು.' ಹೇಳುತ್ತಲೇ ಅವಳ ಕೈ ಮುಂದೆ ಹೋಯಿತು. ಸೊಪ್ಪು ಬಿಡಿಸುವ ಕೈ. ವಾರಗಟ್ಟಲೆ ಕೂತು ಮಾಡಿದ ಮರದ ಎಲೆಗಳನ್ನು ಒಂದು ಬದಿಯಿಂದ ಚಿವುಟಿ ಚಿವುಟಿ ತೆಗೆದು, ಎರಡು ಕೊಂಬೆಗಳನ್ನು ಹಿಂದಕ್ಕೆ ಮಡಚಿದಳು. ದಪ್ಪ ತಂತಿ, ಮುರಿಯಲಿಲ್ಲ. ನಾನು ತಡೆಯಲು ಹೋದರೆ ಭಾವ ನನ್ನ ತೋಳು ಹಿಡಿದರು.

'ಇವ್ನು ಯಾರು?' ಬಿಳಿ ಅಂಗಿಯವನನ್ನು ಉಗುರಿನಿಂದ ತಟ್ಟಿದಳು.

'ಯಾರೋ ಪ್ಯಾಸೆಂಜರ್' ಅಂದರು ಭಾವ.

'ನೆರಳಲ್ಲಿ ಯಾಕ್ ನಿಲ್ಸಿದ್ದೀರಿ? ನಿಂತಿದ್ದು ಈ ಕಡೆ, ಬಿಸಿಲಲ್ಲಿ. ಆ ಕಡೆ ಅಷ್ಟು ನೆರಳಿದ್ರೂ ಕೊಂಬೆ ಇಲ್ಲದ ಕಡೆ ನಿಂತ್ಕೊಂಡು, ಹೋದ ರೈಲನ್ನೇ ಬಾಯ್ ಬಿಟ್ಕೊಂಡು ನೋಡ್ತಿದ್ರು. ಗಂಜಿ ಹಾಕಿದ ಅಂಗಿ ಬೆವರಿಗೆ ಮುದ್ದೆಯಾಗಿತ್ತು. ಯಾವನೋ ಪೆದ್ದ ಅಂದ್ಕೊಂಡು ಈ ನಲ್ಲೀಲಿ ನೀರು ಹಿಡ್ಕೊಂಡು ಮನೆಗೆ ಬಂದೆ. ಸಾಯಂಕಾಲ ಉಪ್ಪಿಟ್ಟು ತಟ್ಟೆ ಹಿಡ್ಕೊಂಡು ಬಂದ್ರೆ, ಅದೇ ಪೆದ್ದ ಚಾಪೆ ಮೇಲೆ ಕೂತಿದ್ದಾನೆ.'

ತಾನು ಏನು ಹೇಳಿದೆ ಎಂದು ಅಕ್ಕನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

'ಹಂಗಾದ್ರೆ ನಾನು ರೈಲಲ್ಲಿ ಬಂದಿದ್ದು...' ಎಂದು ಭಾವ ಒಂದು ಹೆಜ್ಜೆ ಮುಂದೆ ಬಂದರು. 'ಲೇ, ಇಷ್ಟು ವರ್ಷ ಬಸ್ಸು ಬಸ್ಸು ಅಂತಿದ್ದೆ?'

'ಏನ್ ಹೇಳ್ಬೇಕಿತ್ತು? ಹೆಣ್ಣು ನೋಡೋಕೆ ಬರೋಕ್ ಮುಂಚೆ ನಾನೇ ಗಂಡು ನೋಡ್ಬಿಟ್ಟೆ ಅಂತ ನಮ್ಮಪ್ಪನ ಹತ್ರ ಹೇಳ್ಬೇಕಿತ್ತಾ? ಒಂದ್ಸಲ ಬಸ್ಸು ಅಂದ್ಮೇಲೆ ಬಸ್ಸು.'

'ಎಲೆ ಕೆಂಪಗಿತ್ತು ತಾನೇ? ಅದಾದ್ರೂ ಹೇಳೇ!'

'ಕೆಂಪೋ ಹಸುರೋ ಯಾರಿಗ್ ಗೊತ್ತು' ಎಂದು ಅಕ್ಕ ಸೆರಗಿನಿಂದ ಬೆರಳಿನ ಅರಿಶಿನ ಒರೆಸಿಕೊಂಡಳು. 'ನಾನು ಮರ ನೋಡ್ತಿದ್ನಾ?'

ಇಷ್ಟು ಹೇಳಿ ಅವಳು ಇಳಿದುಹೋದಳು. ಮಂಡಿಯನ್ನು ಬಯ್ಯಲಿಲ್ಲ.

ಆವತ್ತು ನೀರು ಹಿಡಿಯಲು ಅಕ್ಕನ ಜೊತೆ ನಾನೂ ಚೊಂಬು ಹಿಡಿದು ಹೋಗಿದ್ದೆ, ಬಿಸಿಲಲ್ಲಿ ನಿಂತ ಆ ಬಿಳಿ ಅಂಗಿಯನ್ನು ನಾನೂ ಕಂಡೆ ಎಂದು ಬರೆಯಲು ಈಗ ಕೈ ತವಕಿಸುತ್ತಿದೆ. ಬರೆದರೆ ಎಲ್ಲ ಚೆನ್ನಾಗಿ ಕೂಡಿಕೊಳ್ಳುತ್ತದೆ. ಆದರೆ ನೆನಪಿನಲ್ಲಿ ಆ ಚೊಂಬು ನನ್ನ ಕೈಗೆ ಬಂದದ್ದು ಅವಳು ಮಾತು ಮುಗಿಸಿದ ಮೇಲೆ. ಅಕ್ಕನೂ ಮುಂದಿನ ವಾರವೇ ಫೋನಿನಲ್ಲಿ, 'ನಾನು ಸ್ಟೇಷನ್ನಲ್ಲಿ ನೋಡ್ದೆ ಅಂತ ಎಲ್ಲಿ ಹೇಳ್ದೆ? ಪೇಟೇಲಿ ನೋಡಿರ್ಬೇಕು' ಎಂದು ಅರ್ಧ ಹಿಂದೆ ಸರಿದಿದ್ದಾಳೆ. ನನ್ನ ಹೆಂಡತಿಯ ಪ್ರಕಾರ ಮರ ಅರ್ಧವಾದದ್ದು ಅಕ್ಕನಿಂದಲ್ಲ. ಅದಕ್ಕೂ ಮೊದಲೇ ಆ ಬದಿಯ ಎಲೆಗಳು ಕಿಟಕಿಯ ಬಿಸಿಲಿಗೆ ಸಡಿಲಾಗಿದ್ದವು, ಗುಡಿಸುವಾಗ ಅವಳಿಗೇ ಸಿಕ್ಕಿದ್ದವು.

ನಾನು ಖಚಿತವಾಗಿ ಕಂಡದ್ದು ಇಷ್ಟು. ಸಾರು ಆರಿಹೋದರೂ ಭಾವ ಇಳಿಯಲಿಲ್ಲ. ಚಿಮಟ ಬಿಸಿಮಾಡಿ ಬಿಳಿ ಅಂಗಿಯವನ ಕಾಲಿನ ಗೋಂದನ್ನು ಬಿಡಿಸಿದರು. ಕಾಲು ಸ್ವಲ್ಪ ಮೊಂಡಾಯಿತು. ಎತ್ತಿ, ಎಲೆ ಇಲ್ಲದ ಕಡೆ ತಂದು, ಮುಖವನ್ನು ಹಳಿಯ ಕಡೆ ತಿರುಗಿಸಿ ನಿಲ್ಲಿಸಿದರು. ಒಂದು ಕ್ಷಣ ನೋಡಿ, ಮತ್ತೆ ಸ್ವಲ್ಪ ತಿರುಗಿಸಿದರು, ನಲ್ಲಿಯ ಕಡೆಗೆ.

'ಈಗಾದ್ರೂ ನೋಡ್ಲಿ ಇವ್ನು' ಎಂದರು, ಗೋಂದು ಒಣಗುವವರೆಗೆ ಅವನನ್ನು ಹಾಗೇ ಹಿಡಿದುಕೊಂಡು.