ಆಶೀರ್ವಾದಕ್ಕೆ ಎದ್ದ ಕೈಗಳು

ನಿವೃತ್ತರಾದ ಮೇಲೆ ಹಳೆಯ ಪಾದ್ರಿಗಳು ಮೊದಲ ಸಲ ಚರ್ಚಿನಲ್ಲಿ ಜನರ ನಡುವೆ ಬೆಂಚಿನ ಮೇಲೆ ಕೂತಿದ್ದರು. ಅವರ ಜಾಗಕ್ಕೆ ಬಂದವನು ಇನ್ನೂ ಮೀಸೆ ಬಲಿಯದ ಹುಡುಗ. ಅವನ ಉಪದೇಶವೋ, ಸಪ್ಪೆಯೆಂದರೆ ಸಪ್ಪೆ. ಪಾದ್ರಿಗಳು ಹಲ್ಲು ಕಚ್ಚಿಕೊಂಡು ಸಹಿಸಿದರು. ಕೊನೆಗೆ ಅವನು ಆಶೀರ್ವಾದಕ್ಕೆಂದು ಕೈ ಎತ್ತಿದ್ದೇ ತಡ, ಇವರ ಎರಡೂ ಕೈಗಳು ತಾವಾಗಿಯೇ ಮೇಲೆದ್ದವು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೆಂಡತಿ ಅಂಗಿಯ ತೋಳು ಹಿಡಿದು ಜಗ್ಗಿ, "ಇಳಿಸ್ರೀ, ಮಾನ ಹೋಗುತ್ತೆ!" ಎಂದು ಪಿಸುಗುಟ್ಟಿದರು.

ಜನರೆಲ್ಲ ಹೊರಟರು, ಹೆಂಡತಿಯೂ ಹೊರಗೆ ಹೋದರು. ಪಾದ್ರಿಗಳು ಮಾತ್ರ ಏಳಲಿಲ್ಲ. ಆಗ, ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ್ದ ಮುದುಕ ದರ್ಜಿ ಬೆಂಚುಗಳನ್ನು ತಡವುತ್ತ ಬಂದು ಪಕ್ಕದಲ್ಲಿ ಕೂತ.

"ಕೈ ಎತ್ತಿದ್ರಂತೆ? ನನಗೂ ಹಿಂಗೇ ಆಗ್ತಿತ್ತು ಅಯ್ಯನೋರೇ. ಅಂಗಡಿ ಮುಚ್ಚಿದ ಮೇಲೂ ಕೂತಲ್ಲೇ ಕಾಲು ಮಿಷನ್ ತುಳೀತಿತ್ತು. ಸೊಸೆ ಬಿದ್ದು ಬಿದ್ದು ನಗೋಳು. ಆಗ ನೀವು ಮನೆಗೆ ಬಂದ್ರಿ. ನಿಂತ ಕಾಲಲ್ಲೇ ಪ್ರಾರ್ಥನೆ ಮುಗಿಸಿ, 'ಬದಲಾವಣೆನ ನಗ್ತಾ ಒಪ್ಕೋಬೇಕಪ್ಪ, ದೇವರು ನಿನಗೆ ಬೇರೆ ಕೆಲಸ ಇಟ್ಟಿರ್ತಾನೆ' ಅಂತ ಹೇಳಿ ಹೊರಟೇಬಿಟ್ರಿ."

ಪಾದ್ರಿಗಳಿಗೆ ಆ ಭೇಟಿ ನೆನಪಿಗೆ ಬರಲಿಲ್ಲ. ಎಷ್ಟು ಮನೆಗಳಲ್ಲಿ ಇದೇ ಮಾತು ಹೇಳಿ ಬಂದಿದ್ದರೋ! ಈಗ ಅದು ತಮಗೇ ಬೇಕಾಗಿತ್ತು.

"ಆ ಮಾತಿಂದ ಧೈರ್ಯ ಬಂತೇನಪ್ಪ?" ಎಂದು ಆಸೆಯಿಂದ ಕೇಳಿದರು.

"ಕತ್ತರಿ ಎಸೆಯೋಷ್ಟು ಸಿಟ್ಟು ಬಂತು" ಎಂದ ದರ್ಜಿ. "ಕಣ್ಣು ಕಾಣ್ತಿರಲಿಲ್ಲ, ನೀವು ಬಚಾವಾದ್ರಿ."