ತಳ್ಳದ ಕಾರು ಗೆದ್ದಿತು

ಟ್ಯಾಕ್ಸಿ ಓಡಿಸುವ ನನ್ನ ಗಂಡನಿಗೆ ಕಾರು ರ‍್ಯಾಲಿಯ ಬಗ್ಗೆ ಗೊತ್ತಿಲ್ಲದ ವಿಷಯ ಇರಲಿಲ್ಲ, ನಿಯಮವೊಂದನ್ನು ಬಿಟ್ಟು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನನಗೆ ಗೊತ್ತಿಲ್ಲದಿದ್ದರೆ ನಡೆಯುತ್ತದೆ.

ನಮ್ಮ ಟ್ಯಾಕ್ಸಿ ಒಂದು ಸಣ್ಣ ಕಾರು. ಮೊದಲೆಲ್ಲ ರ‍್ಯಾಲಿಯಲ್ಲಿ ದಪ್ಪ ಕಾರುಗಳದ್ದೇ ದರ್ಬಾರಂತೆ. ಆಮೇಲೆ ನಮ್ಮ ಕಾರಿನ ಕಂಪನಿಯ ಈ ಸಣ್ಣದು ಬಂದು, ತಿರುವುಗಳಲ್ಲೆಲ್ಲ ನುಸುಳಿ, ವರ್ಷ ವರ್ಷ ಗೆದ್ದ ಕಪ್ ಹೊತ್ತುಕೊಂಡು ಹೋಗತೊಡಗಿತು. ಪೇಪರಿನಲ್ಲಿ ಬಂದ ಫೋಟೋಗಳನ್ನು ಗಂಡ ಕತ್ತರಿಸಿ ಕಾರಿನೊಳಗಿನ ದೇವರ ಪಟದ ಹಿಂದೆ ಸಿಕ್ಕಿಸುತ್ತಿದ್ದರು. ಶೃಂಗೇರಿಗೆ ಹೋಗುವ ಭಕ್ತರು ದಾರಿಯುದ್ದಕ್ಕೂ ಇದೇ ಪುರಾಣ ಕೇಳಬೇಕು. ದೇವಸ್ಥಾನ ಕಂಡಾಗ ಅವರಿಗೆ ಎರಡು ಪಟ್ಟು ಸಂತೋಷವಾಗುತ್ತಿತ್ತು.

ಜಯಪುರದಲ್ಲಿ ನಮ್ಮ ಮನೆಯೆದುರಿನ ಕಿರಾಣಿ ಅಂಗಡಿಯ ಸಾಹೇಬರದ್ದು ಬೇರೆ ಕಂಪನಿಯ ಜೀಪು, ಅದೂ ಬಾಡಿಗೆಗೆ ಓಡುತ್ತಿತ್ತು.

"ನಿಮ್ಮ ಕಾರು ಓಡೂದು ಪೇಪರಲ್ಲಿ ಮಾರಾಯ್ರೆ. ನಂದು ರಸ್ತೇಲಿ ಓಡ್ತದೆ," ಅನ್ನುತ್ತಿದ್ದರು.

ಒಂದು ವರ್ಷ ರ‍್ಯಾಲಿ ನಮ್ಮೂರಿನ ಮೇಲೇ ಬರುವುದೆಂದಾಯಿತು. ಅದೇ ಹೊತ್ತಿಗೆ ಸೀತೂರಿನಲ್ಲೊಂದು ಮದುವೆ. ಮದುಮಗನನ್ನು ಕೂರಿಸಿಕೊಂಡು ಹೋಗಲು ಇಬ್ಬರೂ ಹಟ ಹಿಡಿದರು. ಮದುಮಗನ ಅಪ್ಪ ರೋಸಿಹೋಗಿ, "ರ‍್ಯಾಲೀಲಿ ಯಾರ ಕಂಪನಿ ಗೆಲ್ತದೋ ಅವರ ಗಾಡೀಲಿ ಮಾಣಿ ಬರ್ತಾನೆ, ಮುಗೀತು," ಅಂದರು. ನನ್ನ ಗಂಡನಿಗೆ ಇದು ಆಟವಾಗಿರಲಿಲ್ಲ. ಒಂದು ಮದುವೆಯ ಮದುಮಗ ಜೀಪು ಹತ್ತಿದರೆ ಮುಂದಿನ ಮದುವೆಗೆ ನಮ್ಮನ್ನು ಕರೆಯುವವರು ಯಾರು?

ರ‍್ಯಾಲಿಯವರು ನಮ್ಮ ಮನೆಯಿಂದ ಸ್ವಲ್ಪ ಮುಂದೆ ಒಂದು ಬೋರ್ಡು ನೆಟ್ಟು, ಮೇಜು ಹಾಕಿ ಕೂತಿದ್ದರು. ನಮ್ಮ ಕಂಪನಿಯ ಕಾರೊಂದು ಧೂಳೆಬ್ಬಿಸಿಕೊಂಡು ಎಲ್ಲರಿಗಿಂತ ಮೊದಲು ಬಂತು. ಬಂದದ್ದು ನಮ್ಮ ಅಂಗಳದೆದುರು ನಿಂತು ಇಂಜಿನ್ ಆಫ್ ಮಾಡಿತು. ಡ್ರೈವರು ಇಳಿದು ಬಂದ. ಮನೆಗೆ ಬಂದವರಿಗೆ ಕೊಡುವ ಹಾಗೆ ಬೆಲ್ಲ, ನೀರು ಕೊಟ್ಟೆ. ಜಗಲಿಯಲ್ಲಿ ಕೂತು ಆರಾಮಾಗಿ ಬೆಲ್ಲ ಕಡಿಯುತ್ತಿದ್ದ. ಅವನ ಜೊತೆಗಿದ್ದವನು ಕಾರಿನಲ್ಲೇ ಕೂತು ಗಡಿಯಾರ ನೋಡುತ್ತಿದ್ದ.

"ಕೆಟ್ಟು ನಿಂತಿದೆ, ಬನ್ರೋ," ಎಂದು ಗಂಡ ಓಡಿದರು.

ನಮ್ಮ ಕಡೆ ಗಾಡಿ ನಿಂತರೆ ಯಾಕೆ ಅಂತ ಯಾರೂ ಕೇಳುವುದಿಲ್ಲ, ಹೋಗಿ ತಳ್ಳುತ್ತಾರೆ. ಮಳೆಗಾಲದ ಕೆಸರು ಕಲಿಸಿದ ಬುದ್ಧಿ ಅದು. ಸಾಹೇಬರೂ ಅಂಗಡಿಯಿಂದ ಇಳಿದು, "ಪಂಥ ಬೇರೆ, ತಳ್ಳೂದು ಬೇರೆ," ಎಂದು ಹೆಗಲು ಕೊಟ್ಟರು. ಒಳಗಿದ್ದವನು ಬೇಡ ಬೇಡ ಎಂದು ಕೈ ಬೀಸಿದ. ಇವರು ಇನ್ನೂ ಜೋರಾಗಿ ತಳ್ಳಿದರು. ಜಗಲಿಯಲ್ಲಿದ್ದವನು ಚೊಂಬು ಬಿಸಾಡಿ ಓಡುವಷ್ಟರಲ್ಲಿ ಕಾರು ಬೋರ್ಡು ದಾಟಿಯಾಗಿತ್ತು.

ಮೇಜಿನ ಹಿಂದಿದ್ದವರು ಆಮೇಲೆ ವಿವರಿಸಿದರು. ಪ್ರತಿ ಕಾರಿಗೂ ಬೋರ್ಡು ದಾಟಬೇಕಾದ ನಿಮಿಷ ಗೊತ್ತು ಮಾಡಿರುತ್ತಾರೆ. ತಡವಾದರೂ ದಂಡ, ಬೇಗ ಬಂದರೂ ದಂಡ. ಅದಕ್ಕೇ ಅವನು ತನ್ನ ನಿಮಿಷ ಕಾಯುತ್ತಾ ಕೂತದ್ದು.

"ಬೇಗ ಬಂದ್ರೂ ತಪ್ಪಾ?" ಎಂದರು ಗಂಡ.

ಕೊಪ್ಪದ ಬಸ್ಸಿಗೆ ಕಾದು ಬೆಳೆದವರಿಗೆ ಇಂಥ ನಿಯಮ ಹೇಗೆ ಹೊಳೆಯಬೇಕು?

ಆ ದಿನ ಇವರು ಊಟಕ್ಕೆ ಏಳಲಿಲ್ಲ. "ನಾನೇ ಕೈಯಾರೆ ಸೋಲಿಸಿದೆನಲ್ಲ," ಎಂದು ಗೋಡೆ ನೋಡುತ್ತಾ ಕೂತರು. "ಹಾಗಾದ್ರೆ ಮದುಮಗನನ್ನೂ ತಳ್ಳಿಕೊಂಡೇ ಹೋಗಿ. ಈಗ ಅನ್ನ ಆರ್ತದೆ," ಅಂದೆ.

ರ‍್ಯಾಲಿ ಮುಗಿದ ಮರುದಿನ ಪೇಪರು ಬಂತು. ಗೆದ್ದದ್ದು ಮತ್ತೆ ನಮ್ಮ ಕಂಪನಿಯೇ, ಆದರೆ ಹಿಂದಿನಿಂದ ಬಂದ ಬೇರೆ ಕಾರು.

"ನೀವು ತಳ್ಳದೇ ಬಿಟ್ಟದ್ದು ಗೆದ್ದಿದೆ ನೋಡಿ," ಅಂದೆ. ಅವರಿಗೆ ಕೇಳಿಸಲಿಲ್ಲ. ಆಗಲೇ ಕಾರು ತೊಳೆಯಲು ಹೋಗಿದ್ದರು.

ಮದುವೆಯ ದಿನ ಮದುಮಗ ನಮ್ಮ ಕಾರಿನಲ್ಲೇ ಕೂತ. ಹಿಂದೆ ಸಾಹೇಬರ ಜೀಪಿನಲ್ಲಿ ನಾವು ಹೆಂಗಸರು. ನರಸಿಂಹರಾಜಪುರದ ಹತ್ತಿರ ಒಂದು ಏರಿನಲ್ಲಿ ಕಾರು ಕೆಮ್ಮಿ ನಿಂತಿತು. ಸಾಹೇಬರು ಇಳಿದರು, ಅಂಗಿಯ ತೋಳು ಮಡಚಿದರು. ತಳ್ಳುವ ಮೊದಲು ರಸ್ತೆಯ ಮುಂದಕ್ಕೆ ಕಣ್ಣು ಹಾಯಿಸಿ, "ಎಲ್ಲೂ ಬೋರ್ಡು ನೆಟ್ಟಿಲ್ಲ ತಾನೆ? ಮುಹೂರ್ತಕ್ಕಿಂತ ಮೊದಲು ಹೋಗಿ ಹುಡುಗನಿಗೆ ದಂಡ ಬೀಳೂದು ಬೇಡ," ಎಂದರು.

ಮದುಮಗನೇ ಮೊದಲು ನಕ್ಕ. ಪೇಟ ತೆಗೆದು ಸೀಟಿನ ಮೇಲಿಟ್ಟು, ಇಳಿದು, ಅವನೂ ತಳ್ಳಿದ.